ಪಾನವೂ ಪ್ರಮಾಣವೂ

ಮದ್ಯವೆಂಬ ಮಾತು ಬಿದ್ದೊಡನೆ ಕಿವಿ ಮುಚ್ಚಿಕೊಳ್ಳುವವರು ಕೆಲವರು. ಬಾಯಿ ತೆರೆಯುವವರು ಕೆಲವರು. ಆ ವಸ್ತುವನ್ನು ಕುರಿತು ವಿಚಾರ ಮಾಡುವುದಿಲ್ಲವೆಂಬ ಅಂಶದಲ್ಲಿ ಈ ಎರಡು ಪಕ್ಷದವರೂ ಸಮಾನರೇ ಸರಿ. ನಮ್ಮ ಪೂರ್ವಿಕರಲ್ಲಿ ವಿಚಾರ ಮಾಡಿದವರು ಇಲ್ಲದೆ ಇಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಮದಾತ್ಯಯವನ್ನು ನಿರೂಪಿಸುವ 24ನೆಯ ಅಧ್ಯಾಯವು, ವಿಧಿಯನ್ನೂ ಮಾತ್ರೆಯನ್ನೂ ಕಾಲವನ್ನೂ ಅರಿತು, ಹಿತವಾದ ಅನ್ನದೊಡನೆ, ತನ್ನ ಬಲಕ್ಕೆ ತಕ್ಕಷ್ಟು ಕುಡಿದವನಿಗೆ ಮದ್ಯವು ಅಮೃತಕ್ಕೆ ಸಮವೆಂದೂ, ಹಾಗಲ್ಲದೆ ಕುಡಿದವನಿಗೆ ವಿಷಕ್ಕೆ ಸಮವೆಂದೂ ಹೇಳುತ್ತದೆ. ಇದನ್ನು ಕೇಳಿದ ರಸಿಕರು ಅಮೃತವೆಂಬ ಪದವನ್ನು ಹಿಡಿದುಕೊಂಡು ಮಿಕ್ಕುದನ್ನು ಬಿಟ್ಟುಬಿಡುವುದು ವಾಡಿಕೆ. ಕೊಳ್ಳೇಗಾಲದ ಒಬ್ಬ ವೃದ್ಧ ವೈದ್ಯಪಂಡಿತರು ಮಾತ್ರ ಐವತ್ತು ವರ್ಷಗಳಿಂದಲೂ ಮಾತ್ರೆಯೆಂಬ ಪದವನ್ನೇ ಹಿಡಿದು ಕುಳಿತಿರುವವರು.

ಪಂಡಿತರ ಮನೆಯ ಹಿಂದಣ ಕೋಣೆಯಲ್ಲಿ ಆಸವಾರಿಷ್ಟಗಳ ಜಾಡಿಗಳು ಸಾಲಾಗಿ ಇರುವುವು. ಮೂಲಿಕೆಗಳನ್ನು ಕುದಿಸಿ ಕಷಾಯ ಮಾಡಿ ಸಂಧಾನಕ್ಕೆ ಇಟ್ಟರೆ ಅರಿಷ್ಟ. ಕುದಿಸದೆ ಇಟ್ಟರೆ ಆಸವ. ತುಪ್ಪ ಸವರಿದ ಜಾಡಿಗೆ ಕಷಾಯವನ್ನು ಹೊಯ್ದು, ಬೆಲ್ಲವನ್ನೋ ಜೇನನ್ನೋ ಕೂಡಿಸಿ, ಧಾತಕೀಪುಷ್ಪವನ್ನು ಹಾಕಿ, ಬಾಯನ್ನು ಬಟ್ಟೆಯಿಂದಲೂ ಮಣ್ಣಿನಿಂದಲೂ ಮೆತ್ತಿ, ಧಾನ್ಯದ ರಾಶಿಯಲ್ಲಿ ಒಂದು ತಿಂಗಳು ಹುದುಗಿಸುವರು. ಕಾಲ ಕಳೆದ ಮೇಲೆ ಜಾಡಿಗೆ ಕಿವಿಗೊಟ್ಟು ಒಳಗೆ ಸದ್ದು ಅಡಗಿದೆಯೇ ಎಂದು ನೋಡುವರು. ಬಾಯಿ ತೆರೆದು ಉರಿಯುವ ಕಡ್ಡಿಯನ್ನು ಹಿಡಿಯುವರು. ಕಡ್ಡಿ ನಂದಿದರೆ ಒಳಗೆ ಇನ್ನೂ ಹುಳಿಯುತ್ತಿದೆಯೆಂದೂ, ನಂದದೆ ಉರಿದರೆ ಸಂಧಾನ ಮುಗಿಯಿತೆಂದೂ ತಿಳಿಯತಕ್ಕದ್ದು. ಹೀಗೆ ತಾನಾಗಿ ಹುಟ್ಟಿದ ಮದ್ಯಸಾರವು ಅರಿಷ್ಟದಲ್ಲಿ ನೂರಕ್ಕೆ 5ರಿಂದ 12 ಭಾಗದವರೆಗೆ ಇರುವುದುಂಟು. ಆದರೆ ಊಟವಾದ ಮೇಲೆ ಒಂದೆರಡು ತೊಲದಷ್ಟನ್ನು ಸಮಭಾಗ ನೀರಿನೊಡನೆ ಕುಡಿಯುವ ಬಾಣಂತಿಯನ್ನು ಯಾರೂ ಕುಡುಕಿಯೆನ್ನುವುದಿಲ್ಲ.

ಈ ಸೀಮೆಯಲ್ಲಿ ಮದ್ಯದ ಕಾಯಿದೆಗಳೂ ವಿಚಿತ್ರವಾಗಿಯೇ ನಡೆದುಬಂದಿವೆ. ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಮದರಾಸಿನ ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಹನೂರು ಆಗ ಅದರೊಳಗಣ ಊರು. ದಿವಾನ್ ಪೂರ್ಣಯ್ಯನವರ ಜಹಗೀರಾಗಿದ್ದ ಯಳಂದೂರು ಮೈಸೂರಿಗೆ ಸೇರಿದ್ದಿತು. 1948ರ ಹೊತ್ತಿಗೆ ಮದರಾಸು ಪ್ರಾಂತ್ಯದಲ್ಲೆಲ್ಲ ಪಾನನಿರೋಧವಾಯಿತು. ಹತ್ತಾರು ಮೈಲಿಯೊಳಗೆ ಗಡಿಯ ಕಲ್ಲನ್ನು ದಾಟಿದರೆ ಸರ್ಕಾರ ಬೇರೆ, ಶಾಸನ ಬೇರೆ. ಕಲ್ಲಿನ ಈಚೆಗೂ ಆಚೆಗೂ ಕಾಯಿದೆ ಬದಲಾಗುತ್ತದೆ, ನಾಲಗೆ ಬದಲಾಗುವುದಿಲ್ಲವೆಂದು ಪಂಡಿತರ ತಂದೆಯವರು ಹೇಳುತ್ತಿದ್ದರಂತೆ.

ಆ ಮಾತಿನ ಸತ್ಯವು ಅವರ ಮನೆಯಲ್ಲಿಯೇ ಗೋಚರಿಸಿತು. ಪಂಡಿತರಿಗೆ ಒಬ್ಬನೇ ತಮ್ಮ. ರೇಷ್ಮೆ ನೂಲು ಬಿಚ್ಚುವ ಕೆಲಸದಲ್ಲಿ ಆತನಂತಹ ಕೈ ಆ ಬೀದಿಯಲ್ಲಿ ಇನ್ನೊಂದಿರಲಿಲ್ಲ. ಹುಡುಗನಾಗಿದ್ದಾಗ ಅಣ್ಣನ ಜಾಡಿಗಳಿಂದ ಕದ್ದು ಕುಡಿದುದು ತಿಳಿದು ಮನೆಯವರೆಲ್ಲ ನಕ್ಕರು. ದೊಡ್ಡವನಾದ ಮೇಲೂ ಅದೇ ನಡೆದಾಗ ಯಾರೂ ನಗಲಿಲ್ಲ. ಪಂಡಿತರು ಕೋಣೆಗೆ ಬೀಗ ಹಾಕಿದರು. ತಮ್ಮನು ಸಾರಾಯಿ ಅಂಗಡಿಯ ದಾರಿ ಹಿಡಿದನು. ಪ್ಲಾಸ್ಟಿಕ್ ಪೊಟ್ಟಣದ ಮೂಲೆಯನ್ನು ಹಲ್ಲಿನಿಂದ ಕಚ್ಚಿ, ನಿಂತ ನಿಲುವಿನಲ್ಲಿ ಗಂಟಲಿಗೆ ಸುರಿದುಕೊಂಡು, ಉಪ್ಪಿನಕಾಯಿಯ ರಸವನ್ನು ನೆಕ್ಕಿ ಹೊರಟುಹೋಗುವ ಪಾನವದು. ಬಣ್ಣವನ್ನು ನೋಡುವುದಿಲ್ಲ, ವಾಸನೆಯನ್ನು ಸಹಿಸುವುದಿಲ್ಲ, ಪಕ್ಕದವನ ಮುಖವನ್ನು ಕಾಣುವುದಿಲ್ಲ. ಕೈಗಡಿಯಾರ ಹೋಯಿತು, ವಾರದ ಕೂಲಿ ಹೋಯಿತು, ಹೆಂಡತಿಯ ಓಲೆ ಹೋಯಿತು. 2005ರಲ್ಲಿ ಪ್ರಾಣವೂ ಹೋಯಿತು. ಎರಡು ವರ್ಷದ ಮೇಲೆ, 2007ರ ಜುಲೈ ತಿಂಗಳಲ್ಲಿ, ಸರ್ಕಾರದವರು ಸಾರಾಯಿಯನ್ನು ನಿಷೇಧಿಸಿದರು. ಅಂಗಡಿಯ ಹಲಗೆ ಇಳಿದುದನ್ನು ವಿಧವೆಯು ಬೀದಿಯಲ್ಲಿ ನಿಂತು ನೋಡಿದಳೆಂದೂ, ಒಂದು ಮಾತನ್ನೂ ಆಡಲಿಲ್ಲವೆಂದೂ ನೆರೆಯವರು ಈಗಲೂ ಹೇಳುವರು.

ತಮ್ಮನ ಮಗನನ್ನು ಪಂಡಿತರೇ ಸಾಕಿ ಓದಿಸಿದರು. ಹುಡುಗನು ರಸಾಯನಶಾಸ್ತ್ರದಲ್ಲಿ ಪದವೀಧರನಾಗಿ ಬೆಂಗಳೂರಿಗೆ ಹೋದನು. ಅವನಿಗೆ ದೊರೆತ ಉದ್ಯೋಗ ಒಂದು ಸಣ್ಣ ಬಿಯರು ತಯಾರಿಕೆಯ ಮನೆಯಲ್ಲಿ ಎಂಬುದು ತಿಳಿದಾಗ ತಾಯಿಯು ಎರಡು ದಿನ ಊಟ ಬಿಟ್ಟಳು. ಪಂಡಿತರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಮೂರು ವರ್ಷ ಹೀಗೆ ಕಳೆಯಿತು. ಕಳೆದ ಯುಗಾದಿಗೆ ಹುಡುಗನು ಊರಿಗೆ ಬಂದವನು ಕೈಚೀಲದಲ್ಲಿ ಎರಡು ಸೀಸೆಗಳನ್ನೂ ಕಾಲುಳ್ಳ ನಾಲ್ಕು ಗಾಜಿನ ಬಟ್ಟಲುಗಳನ್ನೂ ತಂದಿದ್ದನು.

ಮರುದಿನ ವರ್ಷತೊಡಕು. ಯಳಂದೂರಿನಿಂದ ಪಂಡಿತರ ಅಳಿಯಂದಿರೂ ಹನೂರಿನಿಂದ ಹುಡುಗನ ಸೋದರಮಾವನೂ ಬಂದಿದ್ದರು. ಸಂಜೆ ಜಗಲಿಯಲ್ಲಿ ಎಲ್ಲರೂ ಕುಳಿತಿರುವಾಗ ಹುಡುಗನು ಸೀಸೆಗಳನ್ನು ತಂದು ಪಂಡಿತರ ಮುಂದೆ ಇಟ್ಟು, “ದೊಡ್ಡಪ್ಪ, ನೀವು ಒಂದು ಗುಟುಕು ರುಚಿ ನೋಡಿ ದೋಷವಿದ್ದರೆ ಹೇಳಬೇಕು. ನೀವು ಬೇಡವೆಂದರೆ ಈ ಕೆಲಸ ಬಿಟ್ಟುಬಿಡುತ್ತೇನೆ” ಎಂದನು. ಬಾಗಿಲ ಮರೆಯಲ್ಲಿ ತಾಯಿಯ ಬಳೆಯ ಸದ್ದು ನಿಂತಿತು.

ಪಂಡಿತರು ಸೀಸೆಯನ್ನು ತಿರುಗಿಸಿ ನೋಡಿದರು. ಬೆಲ್ಜಿಯಂ ದೇಶದ ಶಿಮೇ ಎಂಬಲ್ಲಿಯ ಬಿಯರು, 330 ಮಿಲಿಲೀಟರು, ಮದ್ಯಸಾರ ನೂರಕ್ಕೆ 9. “ಇದು ನನ್ನ ದಶಮೂಲಾರಿಷ್ಟಕ್ಕೆ ಸಮವಾಯಿತಲ್ಲ!” ಎಂದರು. ಅದನ್ನು ಮಾಡುವವರು ಯಾರೆಂದು ಕೇಳಲು, ಸನ್ಯಾಸಿಗಳೆಂದು ಹುಡುಗನು ಹೇಳಿದನು. 1862ರಿಂದ ಅಲ್ಲಿಯ ಮಠದ ಟ್ರಾಪಿಸ್ಟ್ ಪಂಥದ ಮುನಿಗಳ ಮೇಲ್ವಿಚಾರಣೆಯಲ್ಲಿ ಆ ಬಿಯರು ತಯಾರಾಗುತ್ತಿದೆ. ಅವರಿಗೆ ಆಧಾರವಾದ ಸಂತ ಬೆನೆಡಿಕ್ಟನ ನಿಯಮಗ್ರಂಥವು ಆರನೆಯ ಶತಮಾನದ್ದು. ಮುನಿಗಳಿಗೆ ಮದ್ಯವು ತಕ್ಕುದಲ್ಲ, ಆದರೆ ಈ ಕಾಲದವರನ್ನು ಒಡಂಬಡಿಸುವುದು ಕಷ್ಟ, ಆದುದರಿಂದ ಮಿತಿಯನ್ನಾದರೂ ಪಾಲಿಸಲಿ ಎಂಬ ಭಾವದಿಂದ ಆತನು ದಿನಕ್ಕೆ ಒಬ್ಬೊಬ್ಬನಿಗೆ ಸುಮಾರು ಕಾಲು ಲೀಟರಿನಷ್ಟು ದ್ರಾಕ್ಷಾಮದ್ಯವನ್ನು ವಿಧಿಸಿದನು. ಪಂಡಿತರ ಮುಖ ಅರಳಿತು. “ಹಾಗಾದರೆ ಅಲ್ಲಿಯೂ ಮಾತ್ರೆಯುಂಟು” ಎಂದು ಬಟ್ಟಲನ್ನು ಮುಂದಕ್ಕೆ ಸರಿಸಿದರು.

ಅಳಿಯಂದಿರು ಮಂಜುಗಡ್ಡೆ ತರಿಸಲು ಎದ್ದರು. ಬಾಯಿ ಜುಮ್ಮೆನ್ನುವಷ್ಟು ತಣ್ಣಗಿಲ್ಲದ ಬಿಯರನ್ನು ಅವರು ಕಂಡವರಲ್ಲ. ಹುಡುಗನು ತಡೆದನು. “ಭಾವ, ಹೆಚ್ಚು ತಂಪಾದರೆ ನಾಲಗೆ ಮರಗಟ್ಟುತ್ತದೆ, ಪರಿಮಳ ಏಳುವುದಿಲ್ಲ. ಇಂತಹ ಗಟ್ಟಿ ಬಿಯರಿಗೆ 10ರಿಂದ 12 ಡಿಗ್ರಿ ಸಾಕು. ಅದಕ್ಕೇ ಫ್ರಿಜ್ಜಿನಿಂದ ಆಗಲೇ ತೆಗೆದಿಟ್ಟೆ.” ಬಟ್ಟಲುಗಳಲ್ಲಿ ಸಾಬೂನಿನ ಜಿಡ್ಡಾಗಲಿ ಎಣ್ಣೆಯ ಜಿಡ್ಡಾಗಲಿ ಇದ್ದರೆ ನೊರೆ ನಿಲ್ಲದೆಂದು ಅವನ್ನು ಬರಿಯ ನೀರಿನಿಂದ ಮತ್ತೊಮ್ಮೆ ತೊಳೆದನು. ಬಟ್ಟಲನ್ನು ಓರೆಯಾಗಿ ಹಿಡಿದು ಅಂಚಿನಿಂದ ನಿಧಾನವಾಗಿ ಹೊಯ್ದನು; ಅರ್ಧವಾದ ಮೇಲೆ ನೆಟ್ಟಗೆ ಮಾಡಿ ನಡುವಿಗೆ ಹೊಯ್ದು ಎರಡು ಬೆರಳು ನೊರೆ ಬರಿಸಿದನು. ಒಂದೇ ಸೀಸೆಯನ್ನು ನಾಲ್ಕು ಬಟ್ಟಲಿಗೆ ಹಂಚಿ, ತಳದ ಬಗ್ಗಡವನ್ನು ಸೀಸೆಯಲ್ಲಿಯೇ ಬಿಟ್ಟನು. ಸೀಸೆಯೊಳಗೆ ಮರಳಿ ಹುಳಿಯಲೆಂದು ಉಳಿಸಿದ ಹುದುಗಿನ ಗಸಿ ಅದು. ಅದನ್ನು ಕಂಡು ಪಂಡಿತರು, ಸುರೆಯ ಮೇಲಣ ತಿಳಿಗೆ ಪ್ರಸನ್ನಾ ಎಂದೂ, ಅದಕ್ಕಿಂತ ಮಂದವಾದುದಕ್ಕೆ ಕಾದಂಬರೀ ಎಂದೂ, ಅದರ ಕೆಳಗಿನದಕ್ಕೆ ಜಗಲವೆಂದೂ, ಇನ್ನೂ ಮಂದವಾದುದಕ್ಕೆ ಮೇದಕವೆಂದೂ ಶಾರ್ಙ್ಗಧರನು ಹೆಸರಿಟ್ಟಿರುವುದನ್ನು ನೆನೆದರು.

“ಮೊದಲು ಮೂಗು, ಆಮೇಲೆ ನಾಲಗೆ” ಎಂದು ಹುಡುಗನು ಹೇಳಬೇಕಾದುದೇ ಇರಲಿಲ್ಲ. ಪಂಡಿತರು ಜೀವಮಾನವೆಲ್ಲ ಹಾಗೆಯೇ ಮಾಡಿದವರು. ಕಂದುಬಣ್ಣವನ್ನು ದೀಪಕ್ಕೆ ಹಿಡಿದು ನೋಡಿ, ಮೂಸಿ, ಕಣ್ಣುಮುಚ್ಚಿ ಒಂದು ಗುಟುಕನ್ನು ಬಾಯೊಳಗೆ ತಿರುಗಿಸಿ ನುಂಗಿದರು. “ಮೊದಲು ಮಧುರ. ಒಣದ್ರಾಕ್ಷಿ, ಪಾಕ ಹತ್ತಿದ ಬೆಲ್ಲ. ನಡುವೆ ಲವಂಗದಂತಹ ಕಾರ. ಕೊನೆಗೆ ತಿಕ್ತ. ಈ ಕಹಿ ಯಾವುದರದು?” ಹಾಪ್ಸ್ ಎಂಬ ಬಳ್ಳಿಯ ಹೂವಿನದೆಂದು ಹುಡುಗನು ಉತ್ತರ ಕೊಟ್ಟನು. ಹಿಂದಿನ ದಿನದ ಹೋಳಿಗೆಯನ್ನು ಮುರಿದು ಜೊತೆಗೆ ತಿನ್ನಹೇಳಿದನು. ಬೆಲ್ಲವೂ ಆ ಕಹಿಯೂ ಒಂದನ್ನೊಂದು ಹಿಡಿದುಕೊಂಡುವು. ಯುಗಾದಿಯ ಬೇವುಬೆಲ್ಲ ಒಂದು ದಿನ ತಡವಾಗಿ ಮತ್ತೆ ಬಂದಿತೆಂದು ಸೋದರಮಾವನು ನಕ್ಕನು.

ಅಳಿಯಂದಿರಿಗೆ ಬಟ್ಟಲು ಬೇಗ ಬರಿದಾಯಿತು. ಇಷ್ಟಕ್ಕೇನಾಗುತ್ತದೆ, ನಮ್ಮ ಕಡೆ 650 ಮಿಲಿಲೀಟರಿನ ಸೀಸೆಯನ್ನೇ ಒಬ್ಬೊಬ್ಬರು ಮುಗಿಸುವರೆಂದರು. ಪಂಡಿತರು ಮಣೆಯ ಮೇಲೆ ಸುಣ್ಣದ ಕಡ್ಡಿಯಿಂದ ಲೆಕ್ಕ ಬರೆದರು. ನೂರಕ್ಕೆ 8ರ ಬಿಯರು 650 ಮಿಲಿಲೀಟರಾದರೆ ಹೊಟ್ಟೆಗೆ ಹೋಗುವ ಮದ್ಯಸಾರ 52 ಮಿಲಿಲೀಟರು. ಈಗ ನಾಲ್ವರೂ ಕೂಡಿ ಕುಡಿದುದು 30. ತಲೆಗೆ ಎಂಟಕ್ಕೂ ಕಡಿಮೆ. ಎರಡು ತೊಲ ಅರಿಷ್ಟದಲ್ಲಿ ಎರಡು ಚಿಲ್ಲರೆ. “ಗಟ್ಟಿ ಪಾನಕ್ಕೆ ಸಣ್ಣ ಪಾತ್ರೆ, ಇದು ಅಲ್ಲಿಯ ಮಠಕ್ಕೂ ತಿಳಿದಿದೆ, ನಮ್ಮ ಶಾಸ್ತ್ರಕ್ಕೂ ತಿಳಿದಿದೆ. ಗಟ್ಟಿ ಪಾನವನ್ನು ದೊಡ್ಡ ಸೀಸೆಗೆ ತುಂಬಿ, ರುಚಿ ತಿಳಿಯದಂತೆ ತಣ್ಣಗೆ ಮಾಡಿ ಮಾರುವುದು ವ್ಯಾಪಾರಕ್ಕೆ ಮಾತ್ರ ತಿಳಿದ ವಿದ್ಯೆ” ಎಂದರು. ಮೈಸೂರಿನ ಪ್ರಾಚ್ಯಪುಸ್ತಕಾಲಯದಲ್ಲಿ ದೊರೆತು, ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಸುರಾಧ್ಯಕ್ಷ ಪ್ರಕರಣವನ್ನೂ ಎತ್ತಿದರು: ಪಾನಗೃಹದಲ್ಲಿ ಕೋಣೆಗಳೂ ಆಸನಗಳೂ ಇರಬೇಕು, ಗಂಧ ಮಾಲ್ಯ ನೀರು ಋತುವಿಗೆ ತಕ್ಕಂತೆ ಸುಖವಾಗಿರಬೇಕು, ನಡತೆ ತಿಳಿದವರು ಮಾತ್ರ ಅಲ್ಪಸ್ವಲ್ಪವನ್ನು ಹೊರಗೆ ಒಯ್ಯಬಹುದು, ಅಮಲೇರಿ ಮಲಗಿದ ಗಿರಾಕಿಯ ಒಡವೆ ವಸ್ತ್ರ ಕಳೆದುಹೋದರೆ ಅಂಗಡಿಯವನು ಅದರ ಬೆಲೆಯನ್ನೂ ಅಷ್ಟೇ ದಂಡವನ್ನೂ ತೆರಬೇಕು.

ಬಾಗಿಲ ಮರೆಯಿಂದ ಹುಡುಗನ ತಾಯಿಯು ಈಚೆಗೆ ಬಂದಳು. ಮಗನ ಬಟ್ಟಲನ್ನು ಎತ್ತಿ ಮೂಸಿದಳು. “ಇದು ಅವರ ಬಾಯಿಂದ ಬರುತ್ತಿದ್ದ ವಾಸನೆಯಲ್ಲ” ಎಂದಳು. ಮೊಳಕೆ ಧಾನ್ಯದ ವಾಸನೆ ಅವಳಿಗೆ ಹೊಸದಲ್ಲ. ರಾಗಿಯನ್ನು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದುದನ್ನು ಒಣಗಿಸಿ ಹುರಿದು ಬೀಸಿ ಆ ಹಿಟ್ಟಿನಿಂದಲೇ ಈ ಮಗನನ್ನು ಬೆಳೆಸಿದವಳು. ಬಾರ್ಲಿಗೂ ಮಾಡುವುದು ಇಷ್ಟೇ, ಮೊಳಕೆಯಲ್ಲಿ ಹಿಟ್ಟು ಸಿಹಿಯಾಗುತ್ತದೆ, ಸಿಹಿಯನ್ನು ಹುದುಗು ತಿನ್ನುತ್ತದೆಂದು ಮಗನು ಹೇಳಿದನು. ಅವಳು ಅದಕ್ಕೆ ಕಿವಿಗೊಡದೆ ಪಂಡಿತರ ಕಡೆಗೆ ತಿರುಗಿ, “ಭಾವ, ಇಲ್ಲಿ ನೀವು ಇದ್ದೀರಿ, ಲೆಕ್ಕ ಹಾಕಿದಿರಿ. ಅವರಿಗೆ ಅಳೆದು ಕೊಡುವವರು ಯಾರಿದ್ದರು?” ಎಂದಳು.

ಜಗಲಿಯಲ್ಲಿ ಮಾತು ನಿಂತಿತು. ಪಂಡಿತರು ಬಹಳ ಹೊತ್ತಿನ ಮೇಲೆ ಹೇಳಿದರು: “ನಿಜ, ತಾಯಿ. ನಾನು ಬೀಗ ಹಾಕುವುದನ್ನು ಕಲಿತಿದ್ದೆ. ಪಕ್ಕದಲ್ಲಿ ಕೂರಿಸಿಕೊಳ್ಳುವುದನ್ನು ಕಲಿಯಲಿಲ್ಲ. ಚಟ ಹಿಡಿದವನಿಗೆ ಮಾತ್ರೆ ಸೊನ್ನೆಯೇ. ಒಂದು ತೊಟ್ಟೂ ಹೆಚ್ಚು. ಅವನಿಗೆ ನಾನು ಕೊಡಬೇಕಾಗಿದ್ದುದು ಆ ಸೊನ್ನೆ. ಅದನ್ನೂ ಯಾರಾದರೂ ಹತ್ತಿರ ಕುಳಿತು ದಿನದಿನವೂ ಅಳೆದು ಕೊಡಬೇಕಾಗಿತ್ತು. ಬೀಗದಿಂದ ಅದು ಆಗಲಿಲ್ಲ.” ಬಳಿಕ ಹುಡುಗನನ್ನು ನೋಡಿ, “ಕೆಲಸ ಬಿಡಬೇಡ. ಆದರೆ ನಿನ್ನ ಮನೆಯಲ್ಲಿ ಹೊಯ್ಯುವವನಿಗೆ, ಸಾಕು ಎನ್ನುವ ಅಧಿಕಾರ ಇರಲಿ. ಆ ಅಧಿಕಾರವಿಲ್ಲದಲ್ಲಿ ನೀನು ಇರಬೇಡ” ಎಂದರು. ಹುಡುಗನು ಕಾಲಿಗೆ ಬಿದ್ದನು. ತಾಯಿಯು ಒಪ್ಪಿದಳೆಂದು ಹೇಳುವಂತಿಲ್ಲ. ಬಟ್ಟಲುಗಳನ್ನು ಒಂದೊಂದಾಗಿ ಎತ್ತಿಕೊಂಡು ಹೋಗಿ, ಮಗನು ಹೇಳಿದಂತೆಯೇ ಸಾಬೂನಿಲ್ಲದೆ ತೊಳೆದು ಬೋರಲು ಹಾಕಿದಳು.

ಎರಡನೆಯ ಸೀಸೆಯನ್ನು ಅಂದು ತೆರೆಯಲಿಲ್ಲ. ಅದು ಈಗ ಹಿಂದಣ ಕೋಣೆಯಲ್ಲಿ ಅರಿಷ್ಟಗಳ ಸಾಲಿನಲ್ಲಿ ನಿಂತಿದೆ. ಕೋಣೆಗೆ ಈಚೆಗೆ ಬೀಗವಿಲ್ಲ. ಉಳಿದ ಜಾಡಿಗಳಂತೆ ಅದಕ್ಕೂ ಪಂಡಿತರ ದುಂಡಾದ ಅಕ್ಷರದ ಚೀಟಿ ಅಂಟಿದೆ: ಮಾತ್ರೆ ಏಳು ತೊಲ. ಆಹಾರದೊಡನೆ. ಒಬ್ಬನೇ ಕುಡಿಯತಕ್ಕದ್ದಲ್ಲ.