ಮ್ಯಾಲೊ ಊರಿನ ಮೀನಾಕ್ಷಿ

ಚಪ್ಪಲಿ ಕೆಳಗೇ ಬಿಟ್ಟು ಬನ್ನಿ. ಮೇಲಿನ ಕೋಣೆ ಚಿಕ್ಕದು. ಐದು ಜನ, ಐದು ಮ್ಯಾಂಡೊಲಿನ್, ಒಂದು ಹಳೇ ಸೋಫಾ, ಅದರ ಪಕ್ಕ ಯಾರೂ ಓದದ ಕಾನೂನು ಪುಸ್ತಕಗಳ ಬೀರು. ಕಿಟಕಿಯ ಹತ್ತಿರದ ಮೋಡಾ ಖಾಲಿ ಇದೆ, ಅಲ್ಲಿ ಕೂತುಕೊಳ್ಳಿ. ಗಾಂಧಿ ಬಜಾರಿನಿಂದ ನಡೆದೇ ಬಂದಿರಬೇಕು ನೀವು. ಇವತ್ತು ಈ ಕಡೆ ಯಾವ ಆಟೋದವನೂ ಬರುವುದಿಲ್ಲ. ನಾಳೆ ಕಾರ್ತಿಕದ ಕಡೆಯ ಸೋಮವಾರ, ಕಡಲೆಕಾಯಿ ಪರಿಷೆ. ಬುಲ್ ಟೆಂಪಲ್ ರಸ್ತೆಯಲ್ಲಿ ಭಾನುವಾರವೇ ಕಾಲಿಡಲು ಜಾಗವಿಲ್ಲ. ನಿಮ್ಮ ಕೈಯಲ್ಲೂ ಒಂದು ಪೊಟ್ಟಣ ಕಾಣುತ್ತಿದೆ. ತಿನ್ನಿ, ನಮಗೂ ಕೊಡಿ. ರೆಕಾರ್ಡಿಂಗ್ ಶುರುವಾದ ಮೇಲೆ ಮಾತ್ರ ಸಿಪ್ಪೆ ಒಡೆಯಬೇಡಿ. ಹೋದ ವರ್ಷದ್ದೊಂದರಲ್ಲಿ ಆ 'ಚಟ್' ಇನ್ನೂ ಹಾಗೇ ಇದೆ.

ಗಂಟೆ ನಾಲ್ಕು. ಯಾರೂ ಇನ್ನೂ ನುಡಿಸುತ್ತಿಲ್ಲ, ಎಲ್ಲರೂ ಬಿರಡೆ ತಿರುಗಿಸುತ್ತಿದ್ದಾರೆ. ಮ್ಯಾಂಡೊಲಿನ್ನಿಗೆ ಎಂಟು ತಂತಿ, ಎರಡೆರಡರಂತೆ ನಾಲ್ಕು ಜೋಡಿ. ಪಾಶ್ಚಾತ್ಯರ ಪಿಟೀಲಿಗೆ ಇರುವ ಶ್ರುತಿಯೇ ಇದಕ್ಕೂ: ಜಿ, ಡಿ, ಎ, ಇ. ಒಂದು ಜೋಡಿಯ ಎರಡೂ ತಂತಿ ಒಂದೇ ಸ್ವರದಲ್ಲಿ ನಿಲ್ಲಬೇಕು. ಕೂದಲೆಳೆಯಷ್ಟು ಆಚೀಚೆಯಾದರೂ ನಾದ ನಡುಗುತ್ತದೆ. ಈಗ ನಿಮ್ಮ ಎಡಗಡೆಯಿಂದ ಬರುತ್ತಿದೆಯಲ್ಲ, ಆ 'ವಾಂವ್ ವಾಂವ್', ಅದು ನನ್ನದು.

ಮನೆ ಯಜಮಾನರು ಬ್ಯಾಂಕಿನಿಂದ ನಿವೃತ್ತರಾದವರು. ನಮಗೆಲ್ಲ 'ಸರ್', ಪುಟ್ಟಿಗೆ ಮಾತ್ರ 'ತಾತ'. ಪುಟ್ಟಿ ಒಂಬತ್ತನೇ ಕ್ಲಾಸು. ಅವಳ ಪಕ್ಕ ಹಲ್ಲಿನ ಡಾಕ್ಟರಮ್ಮ. ಬಾಗಿಲಿಗೆ ಒರಗಿ ಕೂತಿರುವ ಅಣ್ಣನಿಗೆ ಟಿ.ವಿ. ರಿಪೇರಿ ಅಂಗಡಿ ಇದೆ. ಒಂದು ಕಾಲದಲ್ಲಿ ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ ನುಡಿಸುತ್ತಿದ್ದವರು, ನಮ್ಮಲ್ಲಿ ಕೈ ಪಳಗಿದವರು ಅವರೊಬ್ಬರೇ. ಐದನೆಯವನು ನಾನು. ವಿದ್ವಾನ್ ಅನ್ನಿಸಿಕೊಂಡವರು ಯಾರೂ ಇಲ್ಲ. ಪರೀಕ್ಷೆಗೆ ಕಟ್ಟುವವರೂ ಇಲ್ಲ.

ಮೊದಲು ಕಾರ್ಕಿನದು ಕೇಳೋಣ ಎನ್ನುತ್ತಾರೆ ಸರ್. ಫೋನನ್ನು ಖಾಲಿ ಸ್ಟೀಲ್ ಪಾತ್ರೆಯೊಳಗೆ ನಿಲ್ಲಿಸುತ್ತಾರೆ. ಅದೇ ನಮ್ಮ ಸ್ಪೀಕರ್.

ಪಾತ್ರೆಯೊಳಗಿಂದ ಮೊದಲು ಬರುವುದು ಸಂಗೀತವಲ್ಲ, ಗದ್ದಲ. ಗಾಜಿನ ಲೋಟಗಳ ಸದ್ದು, ಯಾರದೋ ನಗು, ಕುರ್ಚಿ ಎಳೆದದ್ದು. ಆಮೇಲೆ ಒಂದು ಪಿಟೀಲು ಒಬ್ಬಂಟಿಯಾಗಿ ಎತ್ತಿಕೊಳ್ಳುತ್ತದೆ. ಎರಡನೇ ಆವರ್ತಕ್ಕೆ ಕೊಳಲು, ಅಕಾರ್ಡಿಯನ್ ಸೇರುತ್ತವೆ. ಎಲ್ಲೋ ಹಿಂದೆ ಅಂಜುತ್ತ ಅಂಜುತ್ತ ಒಂದು ಮ್ಯಾಂಡೊಲಿನ್. ಅದು ಸರ್ ಅವರ ತಂಗಿಯ ಮಗನದು. ಐರ್ಲೆಂಡಿನ ಕಾರ್ಕ್ ನಗರದಲ್ಲಿ ಕೆಲಸ. ಹುಡುಗ ಮೊದಲ ಸಲ ಆ ಪಬ್ಬಿನ ಮೂಲೆಯಲ್ಲಿ ಈ ಮಟ್ಟು ಕೇಳಿದ ರಾತ್ರಿ, ಇಲ್ಲಿ ಬೆಳಗಿನ ಜಾವ ಅನ್ನುವುದನ್ನೂ ಮರೆತು ಫೋನ್ ಮಾಡಿದ್ದನಂತೆ: "ಮಾವ, ಇದು ನಮ್ಮ 'ವಂದೇ ಮೀನಾಕ್ಷಿ' ಅಲ್ವಾ?"

ಹೌದು, ಅದೇ. ಕಾರ್ಕಿನ ಉತ್ತರಕ್ಕೆ ಬ್ಲ್ಯಾಕ್‌ವಾಟರ್ ಹೊಳೆಯ ದಡದಲ್ಲಿ ಮ್ಯಾಲೊ ಎಂಬ ಊರಿದೆ. 18ನೇ ಶತಮಾನದಲ್ಲಿ ಅಲ್ಲಿಯ ಬಿಸಿನೀರ ಊಟೆಗೆ ಜನ ಆರೋಗ್ಯಕ್ಕೆಂದು ಬರುತ್ತಿದ್ದರು. ಆರೋಗ್ಯದ ನೆಪದಲ್ಲಿ ಕುಡಿದು ಕುಣಿಯಲು ಬರುತ್ತಿದ್ದ ಸಿರಿವಂತರ ಮಕ್ಕಳೂ ಇದ್ದರು. ಮಟ್ಟಿನ ಹೆಸರು ಆ ಪೋಲಿಗಳದೇ: 'ರೇಕ್ಸ್ ಆಫ್ ಮ್ಯಾಲೊ'. ಅದೇ ಶತಮಾನ ಮುಗಿಯುವ ಹೊತ್ತಿಗೆ ಇತ್ತ ಮದರಾಸಿನ ಪಕ್ಕದ ಮಣಲಿಯಲ್ಲಿ ಮುದಲಿಯಾರ್ ಮನೆತನದ ಆಶ್ರಯದಲ್ಲಿ ರಾಮಸ್ವಾಮಿ ದೀಕ್ಷಿತರ ಕುಟುಂಬವಿತ್ತು. ಸೇಂಟ್ ಜಾರ್ಜ್ ಕೋಟೆಯಲ್ಲಿ ಕಂಪನಿಯವರ ಬ್ಯಾಂಡು. ಹಿರಿಯ ಮಗ ಮುತ್ತುಸ್ವಾಮಿ ಆ ಮಟ್ಟುಗಳನ್ನು ಕಿವಿಯಲ್ಲಿ ಹಿಡಿದು ಸಂಸ್ಕೃತದ ಸಾಹಿತ್ಯ ಹಾಕಿದರು. ತಮ್ಮ ಬಾಲುಸ್ವಾಮಿ ಪಿಟೀಲನ್ನೇ ಕಲಿತು ನಮ್ಮ ಸಂಗೀತಕ್ಕೆ ತಂದರು. ಶಂಕರಾಭರಣದ ಸ್ವರಗಳಲ್ಲಿರುವ ಈ ಪುಟ್ಟ ರಚನೆಗಳೇ ನೊಟ್ಟುಸ್ವರ. 'ನೋಟ್' ಎಂಬ ಇಂಗ್ಲಿಷ್ ಮಾತು ಹೆಸರಲ್ಲೇ ಕೂತಿದೆ. ಬ್ರಿಟಿಷರ ರಾಜಗೀತೆಯ ಮಟ್ಟಿಗೂ ದೀಕ್ಷಿತರು ಶ್ಯಾಮಲೆಯ ಸ್ತುತಿ ಹೊಂದಿಸಿದ್ದಾರೆ. ಪೋಲಿಗಳ ಕುಣಿತಕ್ಕೆ ಮಧುರೆಯ ದೇವಿಯನ್ನು ಕೂರಿಸಿದ್ದು ಹಾಗೆ.

"ದೀಕ್ಷಿತರಿಗೆ ರಿವೈಂಡ್ ಬಟನ್ ಇರ್ಲಿಲ್ಲ ಕಣೇ," ಎಂದು ಸರ್ ಪುಟ್ಟಿಗೆ ಹೇಳುತ್ತಾರೆ. ಪುಟ್ಟಿ ಫೋನಿನಲ್ಲಿ ಪಿಟೀಲಿನ ವೇಗವನ್ನು ಅರ್ಧಕ್ಕೆ ಇಳಿಸುತ್ತಾಳೆ. ಶ್ರುತಿ ಇಳಿಯುವುದಿಲ್ಲ, ನಡೆ ಮಾತ್ರ ನಿಧಾನ. ಕ್ಯಾಸೆಟ್ಟಿನ ಕಾಲದಲ್ಲಿ ಈ ಸೌಕರ್ಯ ಎಲ್ಲಿತ್ತು? ವೇಗ ತಗ್ಗಿಸಿದರೆ ಶ್ರುತಿಯೂ ಪಾತಾಳಕ್ಕೆ. ಮ್ಯಾಂಡೊಲಿನ್ ಶ್ರೀನಿವಾಸರ ಕ್ಯಾಸೆಟ್ ಒಂದನ್ನು ಸರ್ ಟೇಪು ಸವೆಯುವವರೆಗೂ ಹಿಂದೆ ಮುಂದೆ ಓಡಿಸಿದ್ದರು. ಕಲಿತದ್ದು ಏನು ಅಂತ ಕೇಳಿದರೆ, "ನನ್ನ ಕೈಲಿ ಆಗಲ್ಲ ಅನ್ನೋದು ಕಲಿತೆ" ಎನ್ನುತ್ತಾರೆ.

ಆ ಮಾತಲ್ಲಿ ಬರೀ ವಿನಯವಿಲ್ಲ, ವಾದ್ಯದ ಗುಟ್ಟೂ ಇದೆ. ಜೋಡಿ ತಂತಿಯನ್ನು ಎಳೆದು ಗಮಕ ತರುವುದು ಕಷ್ಟ. ಎರಡೂ ತಂತಿ ಒಂದೇ ಅಳತೆಗೆ ಬಾಗುವುದಿಲ್ಲ, ನಾದವೂ ಬೇಗ ಸಾಯುತ್ತದೆ. ಪಾಲಕೊಲ್ಲಿನಲ್ಲಿ 1969ರಲ್ಲಿ ಹುಟ್ಟಿ, 1978ರಲ್ಲಿ ಗುಡಿವಾಡದಲ್ಲಿ ಕಛೇರಿ ಮಾಡಿದ ಶ್ರೀನಿವಾಸ್ ಮುಂದೆ ಹಿಡಿದದ್ದು ಐದು ಒಂಟಿ ತಂತಿಗಳ ವಿದ್ಯುತ್ ಮ್ಯಾಂಡೊಲಿನ್. ತೋಡಿಯೂ ಭೈರವಿಯೂ ಅದರಲ್ಲಿ ಉಸಿರಾಡಿದ್ದು ಹಾಗಾಗಿ. ನಮ್ಮ ಮಡಿಲಲ್ಲಿರುವುದು ಎಂಟು ತಂತಿಯ ಸಾಧಾರಣ ಡಬ್ಬಿಗಳು. ಇವಕ್ಕೆ ಗಮಕ ಬೇಡದ, ಸ್ವರದಿಂದ ಸ್ವರಕ್ಕೆ ನೇರ ಹಾರುವ ಮಟ್ಟು ಬೇಕು. ನೊಟ್ಟುಸ್ವರ ಈ ವಾದ್ಯಕ್ಕೆ ಹೇಳಿ ಮಾಡಿಸಿದಂತಿದೆ. ಮಕ್ಕಳ ಪಾಠ ಎಂದು ಮೂಗು ಮುರಿಯುವವರು ಮುರಿಯಲಿ.

ಈಗ ಸರ್ ಅವರ ಎಡಗೈ ನೋಡಿ. ಷಡ್ಜವನ್ನು ಜಿ ಎಂದಿಟ್ಟುಕೊಂಡಿದ್ದೇವೆ. ಡಿ ತಂತಿಯ ಐದನೇ ಮೆಟ್ಟಿಲ ಮೇಲೆ ಉಂಗುರದ ಬೆರಳು, ಅದು ಷಡ್ಜ. ಎ ತಂತಿಯ ಎರಡನೇ ಮೆಟ್ಟಿಲ ಮೇಲೆ ತೋರುಬೆರಳು, ಅದು ಗಾಂಧಾರ. ಮಟ್ಟು ಈ ಎರಡರ ನಡುವೆ ಉಯ್ಯಾಲೆಯಾಡಿ, ಆಮೇಲೆ ಒಂದು ಹೆಜ್ಜೆ ಕೆಳಗಿಳಿದು ನಿಷಾದ ರಿಷಭಗಳ ನಡುವೆ ಅದೇ ಆಟ ಆಡುತ್ತದೆ. ಎಡಗೈಗೆ ಇಷ್ಟೇ ಕೆಲಸ, ಪುಟ್ಟಿ ಹತ್ತು ನಿಮಿಷದಲ್ಲಿ ಕಲಿತಳು. ಕಷ್ಟವೆಲ್ಲ ಬಲಗೈಯಲ್ಲಿದೆ, ಅದನ್ನು ಆಮೇಲೆ ನೋಡುತ್ತೀರಿ.

ವಾರದ ರೆಕಾರ್ಡಿಂಗ್‌ಗಳ ಸರದಿ. ಇದು ನಮ್ಮ ಕಟ್ಟುಪಾಡು: ಭಾನುವಾರ ಒಂದು ಮಟ್ಟು, ಶನಿವಾರ ರಾತ್ರಿಯೊಳಗೆ ಎಲ್ಲರೂ ತಮ್ಮ ತಮ್ಮ ಮನೆಯಲ್ಲಿ ನುಡಿಸಿ ವಾಟ್ಸ್‌ಆ್ಯಪಿನಲ್ಲಿ ಕಳಿಸಬೇಕು. ಕಾರ್ಕಿನ ಹುಡುಗನ ಜೊತೆ ವಿಡಿಯೊ ಕರೆಯಲ್ಲೇ ಕೂಡಿ ನುಡಿಸಲು ಒಮ್ಮೆ ನೋಡಿದೆವು. ಅವನ ನಾದ ಇಲ್ಲಿಗೆ ತಡವಾಗಿ ಬರುತ್ತದೆ, ನಾವು ಅವನಿಗೆ ಕಾಯುತ್ತೇವೆ, ಅವನು ನಮಗೆ ಕಾಯುತ್ತಾನೆ. ಮೂರನೇ ಆವರ್ತಕ್ಕೆ ಕುಣಿತದ ಮಟ್ಟು ಶವಯಾತ್ರೆಯಾಯಿತು. ಮೇಲಾಗಿ, ಮಾತಲ್ಲದ್ದನ್ನೆಲ್ಲ ಗದ್ದಲ ಎಂದು ತೆಗೆದುಹಾಕುವ ಜಾಣ ತಂತ್ರಜ್ಞಾನ ಮ್ಯಾಂಡೊಲಿನ್ನನ್ನೂ ತೆಗೆದುಹಾಕಿತು. ಅಂದಿನಿಂದ ರೆಕಾರ್ಡಿಂಗೇ ಗತಿ.

ಡಾಕ್ಟರಮ್ಮನದು ಮೊದಲು. ಅವರು ನುಡಿಸಿರುವುದು ಕಾರಿನೊಳಗೆ, ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ. ಮನೆಯಲ್ಲಿ ಅತ್ತೆಯವರ ಧಾರಾವಾಹಿ. ಸೀಟಿನ ಮೆತ್ತೆ ನಾದವನ್ನೆಲ್ಲ ಹೀರಿ ಪ್ರತಿ ಸ್ವರವೂ ಹತ್ತಿಯಲ್ಲಿ ಸುತ್ತಿಟ್ಟಂತಿದೆ. ತಮ್ಮದು ಕೇಳಿಸುವಾಗ ಡಾಕ್ಟರಮ್ಮ ಕಿಟಕಿಯ ಆಚೆ ನೋಡುತ್ತಾರೆ. ದಿನವಿಡೀ ಇತರರ ಬಾಯಿ ತೆರೆಸುವವರಿಗೂ ಈ ಒಂದು ನಿಮಿಷ ಸಹಿಸಲಾಗುವುದಿಲ್ಲ. "ಎರಡನೇ ಭಾಗದಲ್ಲಿ ಓಡ್ತೀರಾ ಮೇಡಂ," ಎನ್ನುತ್ತಾರೆ ರಿಪೇರಿ ಅಣ್ಣ. "ಇಲ್ಲಪ್ಪ, ಒಂದೇ ಸಮ ನುಡಿಸಿದೀನಿ." ಅಣ್ಣ ಮಾತಾಡದೆ ಆರಂಭವನ್ನು ಮತ್ತೆ ಹಾಕಿ, ಕಾಲಲ್ಲಿ ತಾಳ ಹಾಕುತ್ತ, ಎರಡನೇ ಭಾಗಕ್ಕೆ ಜಿಗಿಸುತ್ತಾರೆ. ಕಾಲು ಹಿಂದುಳಿಯುತ್ತದೆ. "ಅಯ್ಯೋ, ಹೌದಲ್ಲ!"

ನುಡಿಸುವಾಗ ಕಿವಿಗೆ ಕೆಲಸವೇ ಇರುವುದಿಲ್ಲ ನೋಡಿ. ಗಮನವೆಲ್ಲ ಬೆರಳ ತುದಿಯಲ್ಲಿ. ಸುಲಭದ ಜಾಗದಲ್ಲಿ ಕೈ ಓಡುತ್ತದೆ, ಕಷ್ಟದ ಜಾಗದಲ್ಲಿ ಕುಂಟುತ್ತದೆ, ಎರಡೂ ನಮಗೆ ಒಂದೇ ಕಾಲಪ್ರಮಾಣ ಅನ್ನಿಸುತ್ತಿರುತ್ತದೆ.

ಅಣ್ಣನದು ಅಂಗಡಿಯ ಷಟರ್ ಎಳೆದ ಮೇಲೆ ಮಾಡಿದ್ದು. ಹಿಂದೆ ತೆರೆದಿಟ್ಟ ಯಾವುದೋ ಟಿ.ವಿ.ಯ ಗುಂಯ್ಗುಡುವಿಕೆ. ಪ್ರತಿ ಉದ್ದದ ಸ್ವರಕ್ಕೂ ಅವರು ಟ್ರೆಮೊಲೊ ಹಾಕುತ್ತಾರೆ. ಪಿಕ್ಕನ್ನು ಮೇಲೆ ಕೆಳಗೆ ಆಡಿಸಿ ತಂತಿ ಸುಮ್ಮನಾಗದಂತೆ ನಡುಗಿಸುವುದು. ಸಿನಿಮಾ ಹಾಡಿಗೆ ಸರಿ. ಕುಣಿತದ ಮಟ್ಟಿಗೆ ಅದು ಅತಿಯಾಯಿತು ಎಂಬುದು ನನ್ನ ಅಭಿಪ್ರಾಯ, ಅವರಿಗೆ ಹೇಳುವ ಧೈರ್ಯ ಇಲ್ಲ. ಪುಟ್ಟಿಯದು ಬಟ್ಟೆಯ ಬೀರು ತೆರೆದು ಅದರ ಮುಂದೆ ಕೂತು ನುಡಿಸಿದ್ದು, ಎಲ್ಲಕ್ಕಿಂತ ಸ್ವಚ್ಛ. ಕೊನೆಯಲ್ಲಿ "ಅಮ್ಮಾ, ಆಯ್ತು, ಈಗ ಮಿಕ್ಸಿ ಹಾಕ್ಕೋ" ಎಂಬ ಕೂಗೂ ಸೇರಿದೆ.

"ನಿಮ್ದು?" ಸರ್ ನನ್ನ ಕಡೆ ತಿರುಗುತ್ತಾರೆ.

ನಾನು ಕಳಿಸಿಲ್ಲ. ಹನ್ನೊಂದು ಸಲ ನುಡಿಸಿದೆ, ಹತ್ತನ್ನು ಅಳಿಸಿದೆ. ಒಂದರಲ್ಲಿ ಮೊದಲ ಸ್ವರವೇ ಮೊಂಡು, ಇನ್ನೊಂದರಲ್ಲಿ ಕಡೆಯ ಸಾಲಲ್ಲಿ ಪಿಕ್ ಜಾರಿತು. ಹನ್ನೊಂದನೆಯದು ಫೋನಲ್ಲೇ ಇದೆ. ಎರಡು ತಿಂಗಳಿಂದ ಹೀಗೇ ನೆಪ ಹೇಳಿಕೊಂಡು ಬರುತ್ತಿದ್ದೇನೆ. "ತಪ್ಪಿಲ್ಲದ್ದು ಕಳಿಸ್ತೀನಿ ಅಂತ ಕೂತ್ರೆ ನೀವು ನನ್ನ ತಿಥಿಗೇ ಕಳಿಸೋದು," ಎಂದು ಸರ್ ಕೈ ಚಾಚುತ್ತಾರೆ. ನೀವು ಬೇರೆ ಇದ್ದೀರಿ, ಹೊಸಬರು. ಫೋನ್ ಕೊಡುತ್ತೇನೆ.

ಪಾತ್ರೆಯೊಳಗೆ ನನ್ನ ಮ್ಯಾಂಡೊಲಿನ್. ಅಷ್ಟೇನೂ ಕೆಟ್ಟಿಲ್ಲ ಅನ್ನಿಸುತ್ತದೆ. ಆದರೆ ಉಯ್ಯಾಲೆ ತೂಗುತ್ತಿಲ್ಲ, ತೂಕಡಿಸುತ್ತಿದೆ. ಎರಡು ಸ್ವರಕ್ಕೂ ಒಂದೇ ಭಾರ, ನಡುವೆ ಸಣ್ಣ ಮುಗ್ಗರಿಕೆ. ಯಾರೂ ಮಾತಾಡುವುದಿಲ್ಲ. ಆಮೇಲೆ ಪುಟ್ಟಿ, "ಅಂಕಲ್, ನಿಮ್ಮ ಪಿಕ್ ಎರಡು ಸಲಾನೂ ಕೆಳಕ್ಕೇ ಹೋಗ್ತಿದೆ."

ಅವಳು ನೋಡಿಲ್ಲ, ಕೇಳಿದ್ದಷ್ಟೇ. ಆ ಬಲಗೈಯ ಕಷ್ಟ ಅಂದೆನಲ್ಲ, ಇದೇ ಅದು. ಷಡ್ಜಕ್ಕೆ ಪಿಕ್ ಡಿ ತಂತಿಯನ್ನು ಕೆಳಮುಖವಾಗಿ ಮೀಟುತ್ತದೆ. ಮುಂದಿನ ಗಾಂಧಾರಕ್ಕೆ ಅದು ಎ ತಂತಿಯನ್ನು ಹಾರಿ ದಾಟಿ, ಆಚೆಯಿಂದ ಮೇಲ್ಮುಖವಾಗಿ ಮೀಟಬೇಕು. ಆ ಹಾರುವಿಕೆಗೆ ಸೋಮಾರಿ ಕೈ ಒಪ್ಪುವುದಿಲ್ಲ. ಹೇಗೂ ತಂತಿ ಎದುರಿಗೇ ಇದೆಯಲ್ಲ ಎಂದು ಮತ್ತೆ ಕೆಳಕ್ಕೇ ಎಳೆಯುತ್ತದೆ. ಎರಡು ಸ್ವರ ಸಿಗುತ್ತವೆ, ತೂಗಾಟ ಹೋಗುತ್ತದೆ. ಹತ್ತು ರೆಕಾರ್ಡಿಂಗ್ ಅಳಿಸುವಾಗ ನಾನು ಮೊಂಡು ಸ್ವರ, ಜಾರಿದ ಪಿಕ್ ಇವನ್ನೇ ಎಣಿಸುತ್ತ ಕೂತಿದ್ದೆ. ಹತ್ತರಲ್ಲೂ ಇದ್ದ ರೋಗ ಇದು.

ಎಲ್ಲರ ಕಣ್ಣೂ ನನ್ನ ಬಲಗೈ ಮೇಲೆ. ಕೆಳಗೆ, ಹಾರು, ಮೇಲೆ. ಕೆಳಗೆ, ಹಾರು, ಮೇಲೆ. ಆಮೆಯ ವೇಗ. ಡಾಕ್ಟರಮ್ಮ ತೊಡೆಯ ಮೇಲೆ ತಾಳ ಹಾಕುತ್ತಾರೆ. ಇಪ್ಪತ್ತನೆಯ ಸಲಕ್ಕೋ ಏನೋ, ಒಮ್ಮೆ ತೂಗುತ್ತದೆ. ನಿಮಗೂ ಕೇಳಿಸಿತು ಅಲ್ಲವೇ? ಅದು ಆಗಲೇ ಹೋಯಿತು.

ಐದೂವರೆ. ಕಾರ್ಕಿನಲ್ಲಿ ಮಧ್ಯಾಹ್ನ ಹನ್ನೆರಡು. ಹುಡುಗನಿಗೆ ಕಳಿಸಲು ಐವರೂ ಕೂಡಿ ನುಡಿಸುವ ಹೊತ್ತು. ಫ್ಯಾನ್ ಆರಿಸಿ. ಫೋನು ಮೇಜಿನ ಮೇಲೆ ಬೇಡ, ನೆಲದಲ್ಲಿ ಹಾಕುವ ತಾಳ ಮೇಜಿನ ಕಾಲಿನಿಂದ ಹತ್ತಿ ಗುಡುಗಿನಂತೆ ಕೇಳಿಸುತ್ತದೆ; ಬೀರುವಿನ ಮೇಲೆ ಮಡಿಸಿದ ಟವೆಲ್ ಹಾಸಿ ಇಡುತ್ತಾರೆ. ವಾದ್ಯಕ್ಕೆ ತೀರಾ ಹತ್ತಿರ ಇಟ್ಟರೆ ಪಿಕ್ಕಿನ ಕಟಕಟವೇ ಜಾಸ್ತಿ, ದೂರ ಇಟ್ಟರೆ ಕೋಣೆಯೇ ನುಡಿಸಿದ ಹಾಗೆ. ನಾಲ್ಕಡಿ ಸಾಕು.

ಮೊದಲ ಸಲ. ಎರಡನೇ ಆವರ್ತದಲ್ಲಿ ಕೆಳಗಿನ ಮನೆಯ ಕುಕ್ಕರ್ ಕೂಗುತ್ತದೆ. ಪುಟ್ಟಿ ನಗುತ್ತಾಳೆ, ಎಲ್ಲರೂ ನಿಲ್ಲುತ್ತೇವೆ.

ಎರಡನೇ ಸಲ. ನಾನೇ ಕೆಡಿಸುತ್ತೇನೆ.

ಮೂರನೆಯ ಸಲ ಅಣ್ಣ ಸಣ್ಣ ದನಿಯಲ್ಲಿ ಎಣಿಸುತ್ತಾರೆ, ಕುದುರೆಯ ನಡಿಗೆ ಸಿಗುತ್ತದೆ. ಐದು ವಾದ್ಯ, ನಲವತ್ತು ತಂತಿ, ಎಲ್ಲವೂ ಒಂದೇ ಶ್ರುತಿ ಎಂದರೆ ಸುಳ್ಳಾದೀತು. ಆದರೂ ನಾದದಲ್ಲಿ ಒಂದು ಮಿಂಚು ಬಂದಿದೆ. ಕೆಳಗೆ, ಹಾರು, ಮೇಲೆ. ಸರ್ ಕಣ್ಣು ಮುಚ್ಚಿದ್ದಾರೆ. ಅವರ ತುಟಿಯಲ್ಲಿ ಸಾಹಿತ್ಯ ಇದೆ, ದನಿ ಇಲ್ಲ. ಎರಡನೇ ಭಾಗ ಎತ್ತಿಕೊಳ್ಳುವಾಗ ಡಾಕ್ಟರಮ್ಮ ಓಡುವುದಿಲ್ಲ. ಸರಿಯಾಗಿ ಆಗಲೇ ಕಿಟಕಿಯ ಕೆಳಗೆ ಪರಿಷೆಯಿಂದ ಮರಳುತ್ತಿರುವ ಯಾವುದೋ ಮಗು ಪೀಪಿ ಊದುತ್ತದೆ. ಒಮ್ಮೆ, ಮತ್ತೊಮ್ಮೆ, ಮೂರನೆಯದು ಉದ್ದ. ಈ ಸಲ ಯಾರೂ ನಿಲ್ಲಿಸುವುದಿಲ್ಲ.

ಕಡೆಯ ಷಡ್ಜ. ತಂತಿ ತಾನಾಗಿ ಸುಮ್ಮನಾಗುವವರೆಗೆ ನೀವೂ ಉಸಿರು ಹಿಡಿದಿದ್ದೀರಿ.

"ಇನ್ನೊಂದು ಸಲ?" ನಾನು ಕೇಳುತ್ತೇನೆ.

"ಬೇಡ. ಕಳ್ಸು ಪುಟ್ಟಿ."

ಒಂದು ನಿಮಿಷ ಹದಿನಾಲ್ಕು ಸೆಕೆಂಡು. ಹೋಯಿತು. ಸರ್ ಅವರ ಮನೆಯವರು ಕಾಫಿ ತಂದಿದ್ದಾರೆ, ಈಗ ಧಾರಾಳವಾಗಿ ಸಿಪ್ಪೆ ಒಡೆಯಿರಿ. ಎರಡನೇ ಲೋಟದ ಹೊತ್ತಿಗೆ ಉತ್ತರ ಬರುತ್ತದೆ, ಪಾತ್ರೆಯೊಳಗೆ ಹುಡುಗನ ದನಿ, ಹಿಂದೆ ಮಳೆಯ ಸದ್ದು: "ಮಾವ, ಚೆನ್ನಾಗಿದೆ, ಇವತ್ತು ಸಂಜೆ ಪಬ್ಬಲ್ಲಿ ಕೇಳಿಸ್ತೀನಿ. ಅದ್ಸರಿ, ಮಧ್ಯದಲ್ಲಿ ಕ್ಲಾರಿನೆಟ್ ಯಾರು?"

ಮುಂದಿನ ಭಾನುವಾರವೂ ನಾಲ್ಕಕ್ಕೇ. ಮನೆಯಲ್ಲಿ ಮ್ಯಾಂಡೊಲಿನ್ ಧೂಳು ಹಿಡಿದು ಬಿದ್ದಿದ್ದರೆ ತನ್ನಿ, ತಂತಿ ನಾವು ಹಾಕಿಕೊಡುತ್ತೇವೆ. ಪಿಕ್ ಮಾತ್ರ ನಿಮ್ಮದೇ ಇರಲಿ. ಇಲ್ಲಿಯವೆಲ್ಲ ಸೋಫಾದ ಸಂದಿ ಸೇರಿವೆ.