ನನಗೂ ಕಾಣದ ಗುಪ್ತಪದ

ನಿವೃತ್ತ ಶಿಕ್ಷಕರಾದ ನಾವು ಹದಿನೆಂಟು ಮಂದಿ ಪ್ರತಿ ಭಾನುವಾರ ಸಂಜೆ ವೀಡಿಯೋ ಸಭೆಯಲ್ಲಿ ಕಲೆಯುತ್ತೇವೆ. 2020ರ ಲಾಕ್‌ಡೌನ್ ದಿನಗಳಲ್ಲಿ ಮೊದಲಾದ ಅಭ್ಯಾಸವಿದು. ಶಾಲೆಯಲ್ಲಿ ಅಂಕಪಟ್ಟಿಗಳನ್ನು ಕಂಪ್ಯೂಟರಿಗೆ ಏರಿಸುತ್ತಿದ್ದವನು ನಾನೊಬ್ಬನೇ ಎಂಬ ಕಾರಣಕ್ಕೆ ವ್ಯವಸ್ಥಾಪಕನ ಹೊಣೆಯೂ ನನ್ನ ಹೆಗಲಿಗೇ ಬಿತ್ತು.

ಮೊದಮೊದಲು ಎಲ್ಲರಿಗೂ ಒಂದೇ ಖಾತೆ, ಒಂದೇ ಪಾಸ್‌ವರ್ಡ್: ಊರಿನ ಹೆಸರು, ಅದರ ಬಾಲಕ್ಕೆ 123. ಒಂದು ಸಂಜೆ ಕುಮಾರವ್ಯಾಸ ಭಾರತದ ವಾಚನ ನಡೆದಿರುವಾಗ ಯಾರೋ ಹುಡುಗರು ನಮ್ಮದೇ ಖಾತೆಯಿಂದ ಒಳನುಗ್ಗಿ, ನಮ್ಮೆಲ್ಲರ ಬಾಯಿ ಕಟ್ಟಿ, ಇಲ್ಲಿ ಬರೆಯಲಾಗದ ಮಾತುಗಳನ್ನಾಡಿದರು. ಸಭೆಯ ಬೀಗದ ಕೈ ಹದಿನೆಂಟು ಮನೆಗಳಲ್ಲಿದ್ದ ಮೇಲೆ ಅದು ಯಾವ ಮನೆಯಿಂದ ಜಾರಿತೆಂದು ಹುಡುಕುವುದೆಲ್ಲಿ? ಆ ವಾರವೇ ಪ್ರತಿಯೊಬ್ಬರಿಗೂ ಪ್ರತ್ಯೇಕ ಖಾತೆ ಮಾಡಿಸಿದೆ.

ಮೇಷ್ಟ್ರ ಚಾಳಿ, ವಿಷಯವನ್ನು ಓದಲು ಕುಳಿತೆ. ಬೆಲ್ ಪ್ರಯೋಗಾಲಯದ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲಿ ಪ್ರಕಟಿಸಿದ ಲೇಖನವೊಂದಿದೆ. ಅವರು ಸಂಗ್ರಹಿಸಿದ 3,289 ಗುಪ್ತಪದಗಳಲ್ಲಿ 15 ಒಂದೇ ಅಕ್ಷರದವು! ಶೇಕಡಾ 86ರಷ್ಟು ತೀರ ಚಿಕ್ಕವು, ಇಲ್ಲವೇ ನಿಘಂಟಿನಲ್ಲೋ ಹೆಸರುಗಳ ಪಟ್ಟಿಯಲ್ಲೋ ಸಿಗುವಂಥವು. ನಮ್ಮ 123 ಅಷ್ಟೇನೂ ನಾಚಿಕೆಗೇಡಲ್ಲ ಎಂದು ಸಮಾಧಾನವಾಯಿತು. ನಾನು ಮೂರು ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಾಯಿಸಬೇಕೆಂಬ ನಿಯಮ ಮಾಡಿದ್ದೆ. ಎಲ್ಲರೂ ಅದನ್ನು ಗೋಡೆಯ ಪಂಚಾಂಗದ ಮೇಲೆ ಬರೆಯತೊಡಗಿದರು. ಸೋರಿಕೆಯ ಸುಳಿವಿಲ್ಲದೆ ಹಾಗೆ ಬಲವಂತಪಡಿಸಬಾರದೆಂದು ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆ 2017ರಲ್ಲಿಯೇ ಹೇಳಿತ್ತೆಂದು ತಿಳಿದ ಮೇಲೆ ಅದನ್ನು ಕೈಬಿಟ್ಟೆ.

ನನ್ನನ್ನು ಬಹಳ ಕಾಡಿದ ಪ್ರಶ್ನೆ ಬೇರೆಯದು. "ನೀವೇ ವ್ಯವಸ್ಥಾಪಕರಲ್ಲವೇ, ನನ್ನ ಪಾಸ್‌ವರ್ಡ್ ಏನೆಂದು ಹೇಳಿ ಮೇಷ್ಟ್ರೇ" ಎಂದು ಫೋನು ಬರುತ್ತಿತ್ತು. ನನಗೆ ಕಾಣುವುದಿಲ್ಲವೆಂದರೆ ಯಾರೂ ನಂಬರು. ಅಧಿಕಾರದ ಗತ್ತೆಂದು ಮುನಿಸಿಕೊಂಡವರೂ ಉಂಟು. ಕಡೆಗೆ ಚಟ್ನಿಯ ದೃಷ್ಟಾಂತ ಕೊಟ್ಟೆ. ಒಳ್ಳೆಯ ವ್ಯವಸ್ಥೆ ಗುಪ್ತಪದವನ್ನು ಹಾಗೆಯೇ ಬರೆದಿಡುವುದಿಲ್ಲ, ಅರೆದು ಇಡುತ್ತದೆ. ಚಟ್ನಿಯಿಂದ ಮತ್ತೆ ಕಾಯಿ ತೆಗೆಯಲಾಗದು. ನೀವು ಒಳಬರುವಾಗ ಕೊಟ್ಟ ಪದವನ್ನೂ ಅರೆದು, ಎರಡನ್ನೂ ತಾಳೆ ನೋಡುತ್ತದೆ. ಅರೆಯುವ ಮುನ್ನ ಒಬ್ಬೊಬ್ಬರಿಗೆ ಒಂದೊಂದು ಬಗೆಯ ಉಪ್ಪು ಬೆರೆಸುವುದರಿಂದ, ಇಬ್ಬರ ಪದ ಒಂದೇ ಆದರೂ ಚಟ್ನಿ ಬೇರೆ. ಉಪ್ಪೆಂಬುದು ನನ್ನ ಕಲ್ಪನೆಯಲ್ಲ, ಮಾರಿಸ್ ಮತ್ತು ಥಾಂಪ್ಸನ್ನರ ಲೇಖನದಲ್ಲಿರುವ ಮಾತೇ. ನಾನು ಮಾಡಬಹುದಾದದ್ದು ಹಳೆಯದನ್ನು ರದ್ದುಪಡಿಸಿ ಹೊಸದಕ್ಕೆ ದಾರಿ ಮಾಡಿಕೊಡುವುದಷ್ಟೇ.

ಆ "ಅಷ್ಟೇ" ಎಷ್ಟು ದೊಡ್ಡದೆಂದು ತಿಳಿದದ್ದು ನಮ್ಮ ಸಂಸ್ಕೃತ ಮೇಷ್ಟ್ರು ತೀರಿಕೊಂಡಾಗ. ಭಾರತ ವಾಚನ ಮಾಡುತ್ತಿದ್ದವರು ಅವರೇ. ಹಾಜರಿ ಪುಸ್ತಕದಲ್ಲಿ ಕೆಂಪು ಮಸಿಯಿಂದ ಹೆಸರು ಹೊಡೆದುಹಾಕಿ ಪಳಗಿದ ಕೈ ನನ್ನದು. ಆದರೂ ಅವರ ಖಾತೆಯನ್ನು ನಾಲ್ಕು ತಿಂಗಳು ಮುಟ್ಟಲಿಲ್ಲ. ಒಂದು ದಿನ ಅತ್ತಿಗೆ ಫೋನು ಮಾಡಿ, "ಅವರ ಪಾಸ್‌ವರ್ಡ್ ಕೊಡಿ, ಧ್ವನಿ ಕೇಳಬೇಕು" ಎಂದರು.

ಹೊಸ ಪಾಸ್‌ವರ್ಡ್ ಮಾಡಿಕೊಡುವುದು ಎರಡು ನಿಮಿಷದ ಕೆಲಸ. ಆದರೆ ಆ ಖಾತೆಯಲ್ಲಿ ವಾಚನದ ಮುದ್ರಿಕೆಗಳಷ್ಟೇ ಇರಲಿಲ್ಲ. ಸಭೆ ಮುಗಿದ ಮೇಲೆ ಅವರು ಕೆಲವರೊಡನೆ ಖಾಸಗಿಯಾಗಿ ಬರೆದುಕೊಂಡ ಮಾತುಗಳೂ ಇದ್ದವು. ತಮ್ಮ ಕಾಯಿಲೆಯನ್ನು ಮನೆಯಲ್ಲಿ ಹೇಳದೆ ನನಗೆ ಬರೆದದ್ದೂ ಇತ್ತು. ಎರಡು ದಿನ ಯೋಚಿಸಿ, ಅತ್ತಿಗೆಯ ಹೆಸರಿನಲ್ಲಿ ಹೊಸ ಖಾತೆ ತೆರೆದು ಮುದ್ರಿಕೆಗಳನ್ನು ಮಾತ್ರ ಅದಕ್ಕೆ ವರ್ಗಾಯಿಸಿದೆ. ಬಳಿಕ ಹಳೆಯ ಖಾತೆಯನ್ನು ಅಳಿಸಿದೆ. ಕೇಳಿದ್ದರೆ ಅವರು ಒಪ್ಪುತ್ತಿದ್ದರೇ, ಗೊತ್ತಿಲ್ಲ. ಅತ್ತಿಗೆಗೂ ನಾನು ಎಲ್ಲವನ್ನೂ ಹೇಳಲಿಲ್ಲ.

ಅವರು ತಮ್ಮದೇ ಪಾಸ್‌ವರ್ಡ್ ಇಟ್ಟುಕೊಂಡ ಸಂಜೆ ಮತ್ತೆ ಫೋನು ಬಂತು. "ನನಗೆ ಹೇಳಬೇಡಿ ಅತ್ತಿಗೆ" ಎನ್ನುವಷ್ಟರಲ್ಲಿ ಹೇಳಿಯೇಬಿಟ್ಟಿದ್ದರು: ಅವರ ಯಜಮಾನರ ಹೆಸರು, ಮದುವೆಯಾದ ಇಸವಿ. ಸುಲಭವಾಗಿ ಊಹಿಸಬಹುದಾದದ್ದು. ಬದಲಾಯಿಸಿ ಎನ್ನಲು ನನಗೆ ಬಾಯಿ ಬರಲಿಲ್ಲ.