ಗಾರುಡಿಗನ ಹೆಸರೇನು?

ಊರು ಬಿಟ್ಟು ಬಂದವರಿಗೆ ಪರಭಾಷೆಯ ನಡುವೆ ತಮ್ಮದೊಂದು ಮಾತು ಕಿವಿಗೆ ಬಿದ್ದರೆ ಆಗುವ ಸಂತೋಷ ಇಷ್ಟಿಷ್ಟಲ್ಲ. ಕಾರ್ಖಾನೆಯ ನೌಕರಿ ನಮ್ಮನ್ನು ಪುಣೆ ಜಿಲ್ಲೆಯ ರಾಂಜಣಗಾಂವಕ್ಕೆ ತಂದ ಮೇಲೆ ಈ ಸಂತೋಷ ನಮಗೆ ಹಲವು ಸಲ ಸಿಕ್ಕಿದೆ. ಸಂಘದ ಮಕ್ಕಳಿಗಾಗಿ ಜಾದೂ ವಿದ್ಯೆಯ ಇತಿಹಾಸ ಹುಡುಕಲು ಹೊರಟಾಗಲೂ ಹಾಗೇ ಆಯಿತು. ನೆರೆಮನೆಯ ಆಜಿ, ಇಲ್ಲಿನ ಮಹಾಗಣಪತಿಯ ಭಾದ್ರಪದದ ಉತ್ಸವದ ಮಾತು ತೆಗೆದು, ತಾವು ಚಿಕ್ಕವರಿದ್ದಾಗ ಕಂಡ ‘ಗಾರುಡಿ’ಯನ್ನೂ ಅವನ ‘ನಜರಬಂದಿ’, ‘ಹಾತಚಲಾಖಿ’ಗಳನ್ನೂ ಬಣ್ಣಿಸಿದರು. ನಮ್ಮ ಗಾರುಡಿಗ, ಕಣ್ಕಟ್ಟು, ಕೈಚಳಕಗಳೇ ಅಲ್ಲವೇ ಇವು! ಅವರ ಡೋಂಬಾರಿಯೇ ನಮ್ಮ ದೊಂಬರಾಟದವನು. ಬಹುರೂಪಿಯಂತೂ ಇಬ್ಬರಿಗೂ ಒಬ್ಬನೇ.

ಈ ವಿದ್ಯೆ ನಮ್ಮಲ್ಲಿ ಬಹಳ ಹಳೆಯದು. 7ನೆಯ ಶತಮಾನದ ಹರ್ಷನ ‘ರತ್ನಾವಳೀ’ ನಾಟಕದಲ್ಲಿ ಅಂತಃಪುರಕ್ಕೆ ಬಿದ್ದ ಬೆಂಕಿ ಒಬ್ಬ ಐಂದ್ರಜಾಲಿಕನ ಕೆಲಸ. ಶಂಕರಾಚಾರ್ಯರು ಬ್ರಹ್ಮಸೂತ್ರ ಭಾಷ್ಯದಲ್ಲಿ, ಕತ್ತಿ ಗುರಾಣಿ ಹಿಡಿದು ದಾರದ ಮೇಲೆ ಆಕಾಶಕ್ಕೆ ಏರಿದಂತೆ ಕಾಣುವ ಮಾಯಾವಿಯೇ ಬೇರೆ, ನೆಲದ ಮೇಲೆ ನಿಂತ ನಿಜವಾದ ಮಾಯಾವಿಯೇ ಬೇರೆ ಎಂದು ದೃಷ್ಟಾಂತ ಕೊಡುತ್ತಾರೆ. ಬೀದಿಯ ಆಟ ವೇದಾಂತಕ್ಕೂ ಒದಗಿತೆಂದರೆ ಓದುವವರೆಲ್ಲರಿಗೂ ಅದು ಪರಿಚಿತವಾಗಿದ್ದಿರಬೇಕು.

ಪಶ್ಚಿಮದವರು ಕಂಡದ್ದು ಇನ್ನೊಂದು ಬಗೆ. 1890ರಲ್ಲಿ ಷಿಕಾಗೋದ ಪತ್ರಿಕೆಯೊಂದು ಹಗ್ಗವೇರಿ ಮಾಯವಾಗುವ ಹುಡುಗನ ಕಥೆ ಅಚ್ಚು ಹಾಕಿ, ಕೆಲವು ತಿಂಗಳಲ್ಲಿ ಅದು ಕಟ್ಟುಕಥೆಯೆಂದು ತಾನೇ ಒಪ್ಪಿಕೊಂಡಿತು. ಒಪ್ಪಿಗೆಯನ್ನು ಜಗತ್ತು ಮರೆಯಿತು, ಕಥೆಯನ್ನು ಮರೆಯಲಿಲ್ಲ. ಬಂಗಾಳದ ಪಿ. ಸಿ. ಸರ್ಕಾರ್ (1913-1971) ಮಹಾರಾಜನ ಪೇಟ ತೊಟ್ಟು ‘ಇಂದ್ರಜಾಲ’ವನ್ನು ದೇಶ ದೇಶಗಳ ರಂಗಕ್ಕೆ ಒಯ್ದರು. 1956ರಲ್ಲಿ ಬಿ.ಬಿ.ಸಿ. ಟೆಲಿವಿಷನ್ನಿನಲ್ಲಿ ಹುಡುಗಿಯೊಬ್ಬಳನ್ನು ಗರಗಸದಿಂದ ಕತ್ತರಿಸಿದಂತೆ ತೋರಿಸಿದಾಗ, ಕಾರ್ಯಕ್ರಮ ಥಟ್ಟನೆ ಮುಗಿದು, ನೋಡುಗರು ಗಾಬರಿಯಿಂದ ಫೋನು ಮಾಡಿದರಂತೆ. ನಮ್ಮ ಪುಣೆಯಲ್ಲೂ ಜಾದೂಗಾರ ರಘುವೀರರ ಮನೆತನ ಮೂರು ತಲೆಮಾರು ಈ ವಿದ್ಯೆ ನಡೆಸಿದೆ. ಕರಾವಳಿಯಲ್ಲಿ ಕುದ್ರೋಳಿ ಗಣೇಶರ ಹೆಸರು ಮನೆಮಾತು.

ಆದರೆ ಬಯಲಿನ ಗಾರುಡಿಗನ ಹೆಸರೇನು? ಅವನಿಗೆ ಪರದೆಯಿಲ್ಲ, ದೀಪವಿಲ್ಲ. ನಾಲ್ಕೂ ಕಡೆ ಜನ. ಮೂರು ಬಟ್ಟಲು, ಕೆಲವು ಉಂಡೆ, ಒಂದು ಬುಟ್ಟಿ, ಮಾವಿನ ಓಟೆ, ಜೊತೆಗೆ ಎಡೆಬಿಡದ ಮಾತು. ಇಷ್ಟರಲ್ಲೇ ಜನರ ಕಣ್ಣು ಕಟ್ಟಬೇಕು. ರಂಗದ ಜಾದೂಗಿಂತ ಇದು ಕಷ್ಟ ಎಂದೇ ನಮ್ಮ ಎಣಿಕೆ. 19ನೆಯ ಶತಮಾನದ ಆರಂಭದಲ್ಲಿ ಲಂಡನ್ನನ್ನು ಬೆರಗುಗೊಳಿಸಿದ ದಕ್ಷಿಣದವನೊಬ್ಬನ ಹೆಸರು ಅಲ್ಲಿನ ಕಾಗದಗಳಲ್ಲಿ ‘ರಾಮೋ ಸಾಮಿ’ ಎಂದು ಉಳಿದಿದೆ. ಬಹುಶಃ ರಾಮಸ್ವಾಮಿ. ಊರಲ್ಲೇ ಉಳಿದವರಿಗೆ ಅಷ್ಟು ಭಾಗ್ಯವೂ ಇಲ್ಲ. 1959ರ ಮುಂಬಯಿ ಭಿಕ್ಷಾಟನೆ ತಡೆ ಕಾಯಿದೆ, ಬೀದಿಯಲ್ಲಿ ಆಟ ತೋರಿಸಿ ಕಾಸು ಕೇಳುವುದನ್ನೂ ಭಿಕ್ಷೆಯ ಲೆಕ್ಕಕ್ಕೆ ಸೇರಿಸಿತು. 1972ರ ವನ್ಯಜೀವಿ ಕಾಯಿದೆ ಬಂದು ಹಾವಿನ ಬುಟ್ಟಿಯೂ ಹೋಯಿತು. ಹಾವುಗಳ ಮಟ್ಟಿಗೆ ಅದು ಒಳ್ಳೆಯದೇ. ಆಟಗಾರನ ಹೊಟ್ಟೆಪಾಡನ್ನು ಕೇಳಿದವರು ಕಡಿಮೆ. ಸಿನಿಮಾ, ಟಿ.ವಿ. ಬಂದ ಮೇಲೆ ಸುತ್ತ ನೆರೆಯುತ್ತಿದ್ದ ಜನವೂ ಕರಗಿತು.

ನಮ್ಮ ಮಕ್ಕಳು ಜಾದೂಗಾರನ ಚಿತ್ರ ಬರೆದರೆ ಪೇಟ ಅಥವಾ ಉದ್ದ ಟೋಪಿ ಬರೆಯುತ್ತಾರೆ. ‘ಕಣ್ಕಟ್ಟು’ ಎಂದರೆ ಏನೆಂದು ಕೇಳುತ್ತಾರೆ. ಆ ಮಾತು ಹೋದರೆ ಅದರ ಹಿಂದಿನ ಮನುಷ್ಯನೂ ಹೋದಂತೆ. ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಈ ಸಲ ಊರಿಗೆ ಹೋದಾಗ ಮನೆಯ ಹಿರಿಯರನ್ನು ಕೇಳಿರಿ: ಜಾತ್ರೆಯಲ್ಲಿ, ಸಂತೆಯಲ್ಲಿ ಆಟ ಕಟ್ಟುತ್ತಿದ್ದವನು ಯಾರು, ಯಾವ ಊರಿನವನು, ಏನೆಂದು ಮಾತು ಶುರುಮಾಡುತ್ತಿದ್ದ? ಕೇಳಿದ್ದನ್ನು ಬರೆದು ಸಂಘಕ್ಕೆ ಕಳಿಸಿರಿ. ಇಲ್ಲಿನ ಆಜಿಯ ನೆನಪುಗಳನ್ನು ನಾವು ಆಗಲೇ ಬರೆದಿಟ್ಟುಕೊಂಡಿದ್ದೇವೆ.